ಟ್ಯಾಂಕರಿನ ಹಿಂದೆ ಒಂದು ಸೈಕಲ್ಲು

ದಂತಯ್ಯ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅದು ಹೆತ್ತವರು ಇಟ್ಟ ಹೆಸರಲ್ಲ, ಕಸುಬು ಅಂಟಿಸಿದ ಹೆಸರು. ದಿಣ್ಣೆಯ ಮೇಲಿನ ಹಲ್ಲಿನ ಆಸ್ಪತ್ರೆಯಲ್ಲಿ, ಹಿಂಬದಿಯ ಸಣ್ಣ ಕೋಣೆಯೊಂದರಲ್ಲಿ ಕೂತು ಅವನು ಹಲ್ಲಿನ ಸೆಟ್ಟು ಮಾಡುತ್ತಿದ್ದ. ಡಾಕ್ಟರಮ್ಮ ರೋಗಿಯ ಬಾಯಿಯ ಅಳತೆ ತೆಗೆದು ಒಳಗೆ ಕಳಿಸಿದರೆ, ಅದರಿಂದ ಅಚ್ಚು ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲನ್ನು ಅದರ ಜಾಗದಲ್ಲಿ ಕೂರಿಸುವುದು ಅವನ ಕೆಲಸ. ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಆ ನಗುವಿನಲ್ಲಿ ತನ್ನ ಪಾಲು ಎಷ್ಟಿರಬಹುದು ಎಂದು ಇಣುಕಿ ನೋಡುವುದು ಅವನ ಚಾಳಿ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಅವನು ಮತ್ತು ಮಗಳು, ಇಬ್ಬರೇ. ಮಗಳು ಮೋಟಾರು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸುಟ್ಟುಹೋದ ಮೋಟಾರುಗಳ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದರಲ್ಲಿ ಅವಳ ಕೈ ಪಳಗಿತ್ತು.

ಅರವತ್ತರ ಹೊಸ್ತಿಲಲ್ಲಿ ನಿಂತವನಿಗೆ ಸೈಕಲ್ಲಿನ ಹುಚ್ಚು ಹಿಡಿದದ್ದು ಗುಜರಿ ಅಂಗಡಿಯ ಮುಂದೆ. ಹಳೇ ಫ್ಯಾನು, ಮುರಿದ ಕುರ್ಚಿಗಳ ಅಡಿಯಲ್ಲಿ ಒಂದು ಸೈಕಲ್ಲು ಸಿಕ್ಕಿಹಾಕಿಕೊಂಡಿತ್ತು. ಕಡ್ಡಿ ಬ್ರೇಕು, ಚೈನನ್ನು ಪೂರ್ತಿ ಮುಚ್ಚಿದ ಕವರು, ಸ್ಪ್ರಿಂಗು ಹಾಕಿದ ಚರ್ಮದ ಸೀಟು. ತುಕ್ಕಿನ ಕೆಳಗೆ ಕಪ್ಪು ಬಣ್ಣ, ಅದರ ಮೇಲೆ ಕೂದಲೆಳೆಯಂಥ ಬಂಗಾರದ ಗೆರೆ. ಗುಜರಿಯವನು ಅದನ್ನು ತಕ್ಕಡಿಗೆ ಹಾಕಿ ಹಳೇ ಕಬ್ಬಿಣದ ಲೆಕ್ಕದಲ್ಲೇ ಕೊಟ್ಟುಬಿಟ್ಟ. ತಂದೆ ಮಗಳು ಸೇರಿ ಬಿಡುವಾದಾಗೆಲ್ಲ ಅದನ್ನು ಉಜ್ಜಿದರು. ಹಲ್ಲಿಗೆ ಪಾಲಿಶ್ ಮಾಡುವ ಬುರುಸನ್ನೇ ತಂದು ದಂತಯ್ಯ ಹ್ಯಾಂಡಲ್ಲಿಗೆ ಹೊಳಪು ಕೊಟ್ಟ. ಕೊನೆಗೆ ಅದು ಬೀದಿಗಿಳಿದಾಗ ಬಾಗಿಲುಗಳಲ್ಲಿ ಜನ ನಿಂತು ನೋಡಿದರು.

ದಿಣ್ಣೆಯ ಬುಡದಲ್ಲಿ ಟೀ ಅಂಗಡಿ. ಅದರ ಪಕ್ಕದಲ್ಲೇ ಟೈಲರ್ ಅಂಗಡಿ. ಟೈಲರ್ ಅಂದರೆ ದಂತಯ್ಯನ ಚಡ್ಡಿ ದೋಸ್ತ್. ಕುಳ್ಳಗೆ ದಪ್ಪಗಿದ್ದ, ಯಾರು ಏನು ಹೇಳಿದರೂ ನಂಬುವ, ಬೇಗ ನಗುವ ಮನುಷ್ಯ. ಮೊದಲ ದಿನ ಸೈಕಲ್ಲು ನೋಡಿ ಅವನು ಮಿಷನ್ ಬಿಟ್ಟು ಓಡಿಬಂದ. ಸೀಟು ಒತ್ತಿ ನೋಡಿದ, ಗಂಟೆ ಬಾರಿಸಿದ.

"ರಾಜ ಕಣೋ ಇದು!" ಅಂದ.

ಟೀ ಅಂಗಡಿಯವನು ಒಲೆಯ ಹಿಂದಿನಿಂದಲೇ ಕೇಳಿದ: "ಅಲ್ಲಾ ದಂತಯ್ಯನೋರೇ, ಈ ದಿಣ್ಣೆ ಅದು ನಿಮ್ಮನ್ನ ಹತ್ಸುತ್ತೋ, ಇಲ್ಲಾ ನೀವೇ ಅದನ್ನ ಹತ್ಸಬೇಕೋ?"

ಬೆಂಚಿನ ಮೇಲಿದ್ದವರು ಘೊಳ್ಳೆಂದು ನಕ್ಕರು. ದಂತಯ್ಯನಿಗೆ ಕಿವಿ ಬಿಸಿಯಾಯಿತು.

"ಇಳಿಯೋ ಮಾತೇ ಇಲ್ಲ. ಉಸಿರು ಹಿಡಿದು ಒಂದೇ ಸಮ ತುಳಿದ್ರೆ ಆಯ್ತು," ಅಂದುಬಿಟ್ಟ.

ಆವರೆಗೆ ಅವನು ದಿಣ್ಣೆಯನ್ನು ಸೈಕಲ್ಲಿನಲ್ಲಿ ಒಮ್ಮೆಯೂ ಹತ್ತಿರಲಿಲ್ಲ. ಅವತ್ತು ಎಲ್ಲರ ಕಣ್ಣೆದುರು ತುಳಿದುಕೊಂಡು ಹೊರಟ. ಹರಿದ ತಿದಿಯಂತೆ ಎದೆ ಗೂರಲು ಶುರುವಾಯಿತು. ಮೊಣಕಾಲಿನಲ್ಲಿ ಯಾರೋ ಮೊಳೆ ಹೊಡೆದ ಹಾಗಾಯಿತು. ತಿರುವು ದಾಟಿ ಟೀ ಅಂಗಡಿ ಕಣ್ಮರೆಯಾದದ್ದೇ ತಡ, ಇಳಿದು ಗೋಡೆಗೆ ಒರಗಿ ಕೂತ. ಉಳಿದದ್ದನ್ನು ತಳ್ಳಿಕೊಂಡೇ ಹೋದ.

ಸಂಜೆ ಇಳಿದು ಬರುವಾಗ ಟೈಲರ್ ಕಾದು ನಿಂತಿದ್ದ. "ಹತ್ತಿದ್ಯೇನೋ?"

"ಹತ್ತದೆ ಏನು?"

ಅಷ್ಟೇ. ಒಂದು ಮಾತು. ಆದರೆ ಅದನ್ನು ಟೈಲರ್ ತನ್ನ ಗಿರಾಕಿಗಳಿಗೆಲ್ಲ ಹೇಳಿದ. ಟೀ ಅಂಗಡಿಯವನು ಬಂದುಹೋದವರಿಗೆಲ್ಲ ಹೇಳಿದ. ಮಗಳು ತನ್ನ ಅಂಗಡಿಯಲ್ಲಿ ಹೇಳಿಕೊಂಡಳು. ಡಾಕ್ಟರಮ್ಮನ ಕಿವಿಗೂ ಬಿತ್ತು. ಅವರು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ರೋಗಿಗಳಿಗೆ, "ಒಳಗೆ ನಮ್ಮವರೊಬ್ಬರಿದ್ದಾರೆ ನೋಡಿ, ಈ ವಯಸ್ಸಲ್ಲೂ..." ಎಂದು ಉದಾಹರಣೆ ಕೊಡತೊಡಗಿದರು. ಬಾಯಲ್ಲಿ ಹತ್ತಿ ಇಟ್ಟುಕೊಂಡವರು ಏನು ತಾನೇ ಎದುರಾಡುತ್ತಾರೆ? ದಂತಯ್ಯ ಒಳಕೋಣೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡು, ಮೇಣದ ದೀಪ ಸಣ್ಣದು ಮಾಡುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದ. ನಾಚಿಕೆಯಾಗುತ್ತಿತ್ತು. ಜೊತೆಗೆ ಹಿತವೂ ಆಗುತ್ತಿತ್ತು, ಅದು ಸುಳ್ಳಲ್ಲ.

ಹೀಗಿರುವಾಗ ನೀರಿನ ಟ್ಯಾಂಕರು ಅವನ ಕಣ್ಣಿಗೆ ಬಿತ್ತು. ದಿನಾ ಬೆಳಗ್ಗೆ ಅದು ಮೇಲಿನ ಮನೆಗಳಿಗೆ ನೀರು ಹೊತ್ತುಕೊಂಡು, ಸೋರುತ್ತಾ, ಬಸುರಿಯಂತೆ ನಿಧಾನವಾಗಿ ದಿಣ್ಣೆ ಹತ್ತುತ್ತಿತ್ತು. ಹಿಂದುಗಡೆ ಒಂದು ಕಬ್ಬಿಣದ ಏಣಿ. ಒಂದು ದಿನ ತಿರುವಿನ ಗೋಡೆಗೆ ಒರಗಿ ದಮ್ಮು ತೆಗೆದುಕೊಳ್ಳುತ್ತಿದ್ದವನು, ಅದು ಪಕ್ಕದಲ್ಲಿ ಹಾದುಹೋಗುವಾಗ ಸುತ್ತ ನೋಡಿ, ಸೈಕಲ್ಲೇರಿ, ಎಡಗೈಯಲ್ಲಿ ಆ ಏಣಿ ಹಿಡಿದುಬಿಟ್ಟ. ಸೈಕಲ್ಲು ಹೂವಿನ ಹಾಗೆ ಮೇಲೇರಿತು. ಅವತ್ತು ಆಸ್ಪತ್ರೆ ಮುಟ್ಟಿದಾಗ ಅಂಗಿ ಒಣಗಿತ್ತು. "ಬೆವರೂ ಬಂದಿಲ್ವಲ್ರೀ!" ಎಂದು ಡಾಕ್ಟರಮ್ಮ ಬೆರಗಾದರು. ಆಮೇಲೆ ಅದೇ ರೂಢಿಯಾಯಿತು. ತಿರುವಿನವರೆಗೆ ತುಳಿಯುವುದು, ಟ್ಯಾಂಕರಿಗೆ ಕಾಯುವುದು, ಏಣಿ ಹಿಡಿಯುವುದು. ಮೇಲಿನಿಂದ ಚಿಮ್ಮುವ ನೀರಿಗೆ ತೋಳು ಒದ್ದೆಯಾದರೆ ಬೆವರು ಅಂದುಕೊಳ್ಳಲಿ ಎಂದು ಬಿಟ್ಟುಬಿಡುತ್ತಿದ್ದ.

ಮಗಳಿಗೆ ಇದೊಂದೂ ಗೊತ್ತಿರಲಿಲ್ಲ. ಆದರೆ ಅಪ್ಪ ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ಅವಳಿಗೆ ಕಾಣುತ್ತಿತ್ತು. ಒಂದು ಸಂಜೆ ಅವಳು ಚೀಲದಿಂದ ಒಂದು ದುಂಡನೆಯ ಮೋಟಾರು ತೆಗೆದು ಮೇಜಿನ ಮೇಲಿಟ್ಟಳು. ಚಕ್ರದ ನಟ್ಟನಡುವೆ ಕೂರುವಂಥದ್ದು. ಅಂಗಡಿಗೆ ಯಾರೋ ಬಿಟ್ಟುಹೋದದ್ದನ್ನು ತಾನೇ ತಂತಿ ಸುತ್ತಿ ಸರಿಮಾಡಿದ್ದಳು.

"ಅಪ್ಪಾ, ಇದನ್ನ ನಿನ್ನ ಸೈಕಲ್ಲಿಗೆ ಹಾಕ್ತೀನಿ. ಕ್ಯಾರಿಯರ್ ಕೆಳಗೆ ಬ್ಯಾಟರಿ ಕೂರ್ಸೋಣ. ತುಳೀಬೇಕು ಅನ್ಸಿದ್ರೆ ತುಳಿ, ಬೇಡ ಅಂದ್ರೆ ಸುಮ್ನೆ ಕೂತ್ಕೋ."

"ಅದು ಹಳೇ ಕಾಲದ್ದು. ಇದೆಲ್ಲ ಹೊಂದಲ್ಲ."

"ಹಿಂದಿನ ಫೋರ್ಕು ಸ್ವಲ್ಪ ಅಗಲಿಸಿ, ತುದಿ ಅರದಲ್ಲಿ ಉಜ್ಜಬೇಕು. ಆಮೇಲೆ ಈ ಕಡ್ಡಿ ಬ್ರೇಕು ಸಾಲಲ್ಲ, ಬದಲಾಯಿಸ್ಬೇಕು. ಒಂದ್ಸಲ ಉಜ್ಜಿದ್ರೆ ಮತ್ತೆ ಮೊದಲಿನ ಹಾಗೆ ಆಗಲ್ಲ. ಅದಕ್ಕೇ ಕೇಳ್ತಿರೋದು."

ಅವನು ಮೋಟಾರನ್ನು ಕೈಯಲ್ಲಿ ತೂಗಿ ನೋಡಿದ. ತಣ್ಣಗೆ, ಭಾರವಾಗಿ, ಭರವಸೆಯಂತಿತ್ತು. ಹಾಕಿಸಿಬಿಡಲೇ ಎಂದು ಮನಸ್ಸು ಹಾತೊರೆಯಿತು. ಟ್ಯಾಂಕರಿಗೆ ಕಾಯುವುದು ತಪ್ಪುತ್ತದೆ, ಕಳ್ಳನ ಹಾಗೆ ಸುತ್ತಮುತ್ತ ನೋಡುವುದು ತಪ್ಪುತ್ತದೆ. ಆದರೆ ಬೆಂಚಿನವರ ಮುಖಗಳು ಒಂದೊಂದಾಗಿ ಕಣ್ಮುಂದೆ ಬಂದವು. "ನೋಡೋಣ" ಅಂದು ಎದ್ದುಹೋದ.

ಮರುದಿನ ಟೀ ಅಂಗಡಿಯಲ್ಲಿ ಟೈಲರೇ ಆ ಮಾತು ಎತ್ತಿದ. ಅವನ ಬಳಿಯೂ ಒಂದು ಹಳೇ ಸೈಕಲ್ಲಿತ್ತು. "ನಿನ್ನ ಮಗಳು ಮೋಟಾರು ಹಾಕ್ತಾಳಂತೆ? ನಂದಕ್ಕೂ ಒಂದು ಹಾಕ್ಸೋಣ ಅಂತಿದೀನಿ ಕಣೋ. ಮೇಲಿನ ಆಸ್ಪತ್ರೆ ಕೋಟು ಹೊಲಿದು ಕೊಡೋಕೆ ಹೋಗ್ಬೇಕಲ್ಲ, ದಿಣ್ಣೆ ನೋಡಿದ್ರೇನೇ ಉಬ್ಬಸ ಬರುತ್ತೆ."

ಬೆಂಚಿನವರೆಲ್ಲ ದಂತಯ್ಯನ ಕಡೆ ತಿರುಗಿದರು. ಆಗಲೇ ಅವನು "ನಾನೂ ಹಾಕಿಸ್ತಿದೀನಿ, ನೀನೂ ಹಾಕ್ಸು" ಅಂದಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು.

"ಮೋಟಾರು ಹಾಕಿದ್ಮೇಲೆ ಅದನ್ನ ಸೈಕಲ್ಲು ಅಂತಾರೇನೋ? ಊಟ ಮಾಡೋಕೂ ಒಂದು ಮಿಷನ್ ತಂದ್ಕೋ," ಅಂದ.

ನಗೆಯ ಅಲೆ ಎದ್ದಿತು. ಟೈಲರೂ ನಕ್ಕ. ಆದರೆ ಎದ್ದು ಹೋಗುವಾಗ ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. ಅದನ್ನು ದಂತಯ್ಯ ನೋಡಿದ.

ಆ ವಾರವೇ ಅದು ನಡೆದದ್ದು. ದಂತಯ್ಯ ಎಂದಿನಂತೆ ತಿರುವಿನಲ್ಲಿ ಏಣಿ ಹಿಡಿದು ಮೇಲೆ ಹೋಗುತ್ತಿದ್ದ. ಟ್ಯಾಂಕರಿನ ಆಚೆ ಬದಿಯಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು. ಬಗ್ಗಿ ನೋಡಿದರೆ ಟೈಲರ್. ಕ್ಯಾರಿಯರಿನ ಮೇಲೆ ಬಿಳಿ ಕೋಟುಗಳ ಗಂಟು. ಸೀಟು ಬಿಟ್ಟು ಎದ್ದು ನಿಂತು, ಇಡೀ ಮೈಯ ಭಾರ ಪೆಡಲಿನ ಮೇಲೆ ಹಾಕಿ ತುಳಿಯುತ್ತಿದ್ದ. ಮುಖ ಕೆಂಡದಂತಾಗಿತ್ತು. ಬಾಯಿ ತೆರೆದೇ ಇತ್ತು. ಇಳಿಯಬಾರದೆಂದು ಹಟ ಹಿಡಿದವನ ತುಳಿತ ಅದು. ಯಾರ ಮಾತಿನ ಮೇಲಿನ ಹಟವೆಂದು ದಂತಯ್ಯನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಇಳಿಯೋ, ಸಾಕು ಇಳಿಯೋ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೂಗಿದರೆ ಅವನು ತಿರುಗಿ ನೋಡುತ್ತಾನೆ. ನೋಡಿದರೆ ಏಣಿ ಹಿಡಿದ ಕೈ ಕಾಣುತ್ತದೆ.

ದಂತಯ್ಯ ತಲೆ ತಗ್ಗಿಸಿ ಟ್ಯಾಂಕರಿನ ಮರೆಗೆ ಸರಿದ. ಟ್ಯಾಂಕರು ಟೈಲರನ್ನು ಹಿಂದೆ ಹಾಕಿ ಮುಂದೆ ಹೋಯಿತು.

ಆಸ್ಪತ್ರೆಯಲ್ಲಿ ಅವನು ಇನ್ನೂ ಕೆಲಸದ ಅಂಗಿ ತೊಡುತ್ತಿದ್ದ, ಹೊರಗೆ ಗದ್ದಲವಾಯಿತು. ಯಾರೋ ರಸ್ತೆಯಲ್ಲಿ ಬಿದ್ದಿದ್ದಾರೆ, ಬಾಯಲ್ಲಿ ರಕ್ತ ಎಂದು ನಾಲ್ಕು ಜನ ಹೊತ್ತು ತಂದರು. ಹಲ್ಲಿನ ಆಸ್ಪತ್ರೆಯೆಂದು ನೋಡಿ ತಂದಿರಲಿಲ್ಲ, ಆಸ್ಪತ್ರೆಯೆಂಬ ಬೋರ್ಡು ನೋಡಿ ತಂದಿದ್ದರು. ಡಾಕ್ಟರಮ್ಮ ನಾಡಿ ಹಿಡಿದು ನೋಡಿ, "ಇದು ಹಲ್ಲಿನ ಮಾತಲ್ಲ, ಹೃದಯ" ಎಂದು ಆಂಬುಲೆನ್ಸಿಗೆ ಫೋನು ಮಾಡಿದರು. ದಂತಯ್ಯ ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮುಂದಿನ ಹಲ್ಲುಗಳು ಮುರಿದಿದ್ದವು. ದೊಡ್ಡಾಸ್ಪತ್ರೆಗೆ ಜೊತೆಯಲ್ಲಿ ಹೋದ. ಓಡಾಡಿದ. ಟೈಲರನ ಹೆಂಡತಿ ಅಳುತ್ತಾ ಅವನ ಎರಡೂ ಕೈ ಹಿಡಿದುಕೊಂಡು, "ಅಣ್ಣಾ, ನೀವು ಅಲ್ಲಿ ಇಲ್ದಿದ್ರೆ ಏನು ಗತಿಯಾಗ್ತಿತ್ತು" ಎಂದಾಗ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಹಿಡಿದ ಕೈಗಳಲ್ಲೊಂದು ಏಣಿ ಹಿಡಿದ ಕೈ.

ಟೈಲರ್ ಬದುಕಿದ. ರಕ್ತನಾಳದೊಳಗೆ ಏನೋ ಸ್ಪ್ರಿಂಗು ಇಟ್ಟರು. ಮಾತಾಡುವಷ್ಟು ಸುಧಾರಿಸಿದ ಮೇಲೆ ದಂತಯ್ಯ ನೋಡಲು ಹೋದ. ಮುರಿದ ಹಲ್ಲುಗಳ ಸಂದಿಯಿಂದ ಗಾಳಿ ಹೋಗಿ ಟೈಲರನ ಮಾತು ಮಗುವಿನ ಮಾತಿನಂತಾಗಿತ್ತು. ಅವನು ಮೊದಲು ಹೇಳಿದ್ದು, "ನನ್ನ ಕೈಲಾಗ್ಲಿಲ್ಲ ಕಣೋ. ಮುಕ್ಕಾಲು ಬಂದಿದ್ದೆ. ನಿನಗೆ ಹೇಗಪ್ಪಾ ಆಗುತ್ತೆ?"

ತಪ್ಪು ಮಾಡಿದವನು ಇವನು, ನಾಚಿಕೊಂಡವನು ಅವನು. ದಂತಯ್ಯ ಹೊದಿಕೆ ಸರಿಮಾಡಿದ.

ಮಗಳು ಮತ್ತೆ ಮೋಟಾರಿನ ಮಾತು ತೆಗೆದಳು. ಈ ಸಲ ಬೀದಿಯೂ ಅವಳ ಕಡೆಗಿತ್ತು. "ಹಾಕಿಸ್ಕೊಳ್ಳಿ ದಂತಯ್ಯನೋರೇ. ನಿಮಗೆ ಶಕ್ತಿ ಇದೆ, ಇಲ್ಲ ಅಂತಲ್ಲ. ಗೆಳೆಯನಿಗೆ ಹೀಗಾದ್ಮೇಲೆ ಹುಷಾರಾಗಿರೋದು ಜಾಣತನ," ಅಂದ ಟೀ ಅಂಗಡಿಯವನು. ಡಾಕ್ಟರಮ್ಮನೂ ಅದನ್ನೇ ಅಂದರು. ಈಗ ಮೋಟಾರು ಹಾಕಿಸಿದರೆ ಅದೂ ಹೊಗಳಿಕೆಗೇ ದಾರಿ. ಹಾಕಿಸದಿದ್ದರೆ ಮತ್ತೆ ಟ್ಯಾಂಕರು. ಯಾವ ಕಡೆ ಹೊರಳಿದರೂ ಸುಳ್ಳು ಮಗ್ಗುಲಲ್ಲೇ ಮಲಗಿರುತ್ತಿತ್ತು. ಆ ದಿನಗಳಲ್ಲಿ ಅವನು ಸೈಕಲ್ಲನ್ನು ಮನೆಯಲ್ಲೇ ಬಿಟ್ಟು, ಹಿಂದಿನ ಬೀದಿಯಿಂದ ಸುತ್ತು ಹಾಕಿ ನಡೆದುಕೊಂಡೇ ಕೆಲಸಕ್ಕೆ ಹೋದ.

ಟೈಲರ್ ಮನೆಗೆ ಬಂದ ಮೇಲೆ ಒಂದು ರಜೆಯ ದಿನ ದಂತಯ್ಯ ಅಲ್ಲಿಗೆ ಹೋದ. ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿದ್ದರು. ಟೈಲರ್ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದ. ಅವನ ಹೆಂಡತಿ ನೀರು ತಂದುಕೊಟ್ಟು ಅಲ್ಲೇ ನಿಂತಳು. ದಂತಯ್ಯ ನೀರು ಕುಡಿಯಲಿಲ್ಲ.

"ನಾನು ಆ ದಿಣ್ಣೆ ಯಾವತ್ತೂ ತುಳಿದು ಹತ್ತಿಲ್ಲ ಕಣೋ," ಅಂದ. "ತಿರುವಿನ ತನಕ ತುಳೀತೀನಿ. ಆಮೇಲೆ ನೀರಿನ ಟ್ಯಾಂಕರ್ ಹಿಂದೆ ಏಣಿ ಹಿಡ್ಕೊಂಡು ಹೋಗ್ತೀನಿ. ದಿನಾ."

ಟೈಲರ್ ಹುಬ್ಬೇರಿಸಿದ. ತಮಾಷೆಯಿರಬೇಕೆಂದು ಅರ್ಧ ನಕ್ಕ.

"ಆವತ್ತೂ ಹಾಗೇ ಹೋಗ್ತಿದ್ದೆ. ನಿನ್ನ ಪಕ್ಕದಲ್ಲೇ."

ನಗು ನಿಂತಿತು.

"ನನ್ನ ನೋಡಿದ್ಯಾ?"

"ನೋಡ್ದೆ."

"ಹೇಗಿದ್ದೆ?"

"ಮುಖ ಕೆಂಪಾಗಿತ್ತು. ಬಾಯಲ್ಲಿ ಉಸಿರಾಡ್ತಿದ್ದೆ. ಇಳಿಯೋ ಅಂತ ಕೂಗೋಣ ಅಂದ್ಕೊಂಡೆ. ಕೂಗಿದ್ರೆ ನನ್ನ ಕೈ ನಿನಗೆ ಕಾಣ್ಸುತ್ತೆ ಅಂತ..."

ಟೈಲರ್ ಕಿಟಕಿಯ ಕಡೆ ತಿರುಗಿದ.

"ಕೂಗಿದ್ರೆ ಇಳೀತಿದ್ದೆ ಕಣೋ. ಇಳಿಯೋಕೆ ಒಂದು ನೆಪಕ್ಕೇ ಕಾಯ್ತಿದ್ದೆ," ಅಂದ. ಆಮೇಲೆ, "ಹೋಗು ನೀನು."

ದಂತಯ್ಯ ಎದ್ದ. ಟೈಲರನ ಹೆಂಡತಿ ಬಾಗಿಲಿನ ತನಕ ಬರಲಿಲ್ಲ. ಅವನು ಮುಟ್ಟದ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಅಣ್ಣಾ ಎನ್ನಲಿಲ್ಲ.

ಮನೆಗೆ ಬಂದು ಮಗಳಿಗೂ ಅದನ್ನೇ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕಿಟ್ಟಳು. "ನಾನು ನಮ್ಮಂಗಡಿಯಲ್ಲೆಲ್ಲ ಹೇಳ್ಕೊಂಡಿದ್ದೆನಲ್ಲಪ್ಪಾ," ಅಂದಳು ಸಣ್ಣ ದನಿಯಲ್ಲಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಸೈಕಲ್ಲನ್ನು ಒಳಗೆ ತಂದು ತಲೆಕೆಳಗು ಮಾಡಿ ನಿಲ್ಲಿಸಿದಳು. "ಚಕ್ರ ಹಿಡ್ಕೋ."

ಅವನು ಹಿಡಿದುಕೊಂಡ. ಫೋರ್ಕಿನ ತುದಿಯ ಮೇಲೆ ಅರ ಓಡಿದಾಗ ಬಂಗಾರದ ಗೆರೆ ಕಪ್ಪು ಪುಡಿಯಾಗಿ ಉದುರಿತು. ಕಷ್ಟಪಟ್ಟು ಉಜ್ಜಿ ಹೊಳಪು ಕೊಟ್ಟ ಸೈಕಲ್ಲು ಅದು. ಆದರೂ ನಿಲ್ಲಿಸು ಎನ್ನಲಿಲ್ಲ. ಕಡ್ಡಿ ಬ್ರೇಕು ಬಿಚ್ಚಿ ಹೊಸ ಬ್ರೇಕು ಹಾಕಿದರು. ಬ್ಯಾಟರಿಯ ಪೆಟ್ಟಿಗೆ ಕ್ಯಾರಿಯರಿನ ಕೆಳಗೆ, ರಾಜನಿಗೆ ತಿಂಡಿ ಡಬ್ಬಿ ಕಟ್ಟಿದ ಹಾಗೆ ಜೋತುಬಿತ್ತು.

ಮೋಟಾರಿನ ಸೈಕಲ್ಲಿನಲ್ಲಿ ಮೊದಲ ಸಲ ಹೊರಟ ಬೆಳಗ್ಗೆ ಅವನು ಟೀ ಅಂಗಡಿಯ ಮುಂದೆ ಇಳಿದು, ಬೆಂಚಿನವರಿಗೆ ಎಲ್ಲವನ್ನೂ ಹೇಳಿದ. ಟ್ಯಾಂಕರು, ಏಣಿ, ಎಲ್ಲ. ಅವರು ಒಂದು ಕ್ಷಣ ಮುಖ ಮುಖ ನೋಡಿಕೊಂಡು ಬಿದ್ದು ಬಿದ್ದು ನಕ್ಕರು.

"ದಂತಯ್ಯ ಹೇಳಿದ್ದೆಲ್ಲ ದಂತಕಥೆ!" ಅಂದನೊಬ್ಬ.

"ಟೈಲರ್‌ಗೆ ಬೇಜಾರಾಗ್ಬಾರ್ದು ಅಂತ ತಮ್ಮನ್ನೇ ಸಣ್ಣವರು ಮಾಡ್ಕೊಳ್ತಿದಾರೆ. ದೊಡ್ಡ ಮನಸ್ಸು," ಅಂದ ಟೀ ಅಂಗಡಿಯವನು.

ಇಲ್ಲ, ನಿಜವಾಗಲೂ, ಎಂದು ದಂತಯ್ಯ ಮತ್ತೆ ಹೇಳಿದಷ್ಟೂ ಅವರು ಇನ್ನಷ್ಟು ಮೆಚ್ಚಿದರು. ಸುಳ್ಳು ಹೇಳಿದಾಗ ಕೂಡಲೇ ನಂಬಿದವರು, ನಿಜ ಹೇಳಿದರೆ ಚಹಾ ಕೊಡಿಸಿದರು. ಅದನ್ನು ಕುಡಿಯುವುದು ಅವನಿಗೆ ಬೇಡವಾಗಿತ್ತು, ಬೇಡ ಎನ್ನುವ ಧೈರ್ಯವೂ ಆಗಲಿಲ್ಲ.

ಕೆಲವು ವಾರಗಳ ನಂತರ ಟೈಲರ್ ಆಟೋದಲ್ಲಿ ಹೆಂಡತಿಯ ಜೊತೆ ಹಲ್ಲಿನ ಆಸ್ಪತ್ರೆಗೆ ಬಂದ. ಡಾಕ್ಟರಮ್ಮ ಅಳತೆ ತೆಗೆದರು. ದಂತಯ್ಯ ಒಳಕೋಣೆ ಬಿಟ್ಟು ಹೊರಬರಲಿಲ್ಲ. ಆದರೆ ಬಣ್ಣ ಹೊಂದಿಸಲು ಅವನೇ ಬರಬೇಕಾಯಿತು. ಮಾದರಿ ಹಲ್ಲುಗಳ ಪಟ್ಟಿಯನ್ನು ಗೆಳೆಯನ ತುಟಿಯ ಹತ್ತಿರ ಹಿಡಿದ. ಟೈಲರ್ ಚಾವಣಿಯ ದೀಪ ನೋಡುತ್ತಿದ್ದ. ಇವನು ಹಲ್ಲು ನೋಡುತ್ತಿದ್ದ. ಅಷ್ಟು ಹತ್ತಿರದಲ್ಲಿ ಒಬ್ಬರ ಉಸಿರು ಒಬ್ಬರಿಗೆ ತಗಲುತ್ತಿತ್ತು.

ಆ ಸೆಟ್ಟನ್ನು ದಂತಯ್ಯ ಮಾಡಿದ, ಕೆಡಿಸಿದ, ಮತ್ತೆ ಮಾಡಿದ. ಟೈಲರನ ಮೇಲಿನ ಒಂದು ಹಲ್ಲಿನಲ್ಲಿ ದಾರ ಕಚ್ಚಿ ಕಚ್ಚಿ ಒಂದು ಸಣ್ಣ ಕಚ್ಚು ಬಿದ್ದಿತ್ತು. ಅದು ಎಲ್ಲಿತ್ತು, ಎಷ್ಟಿತ್ತು ಎಂದು ದಂತಯ್ಯ ಕಣ್ಣು ಮುಚ್ಚಿ ಹೇಳಬಲ್ಲ. ಹೊಸ ಹಲ್ಲಿನಲ್ಲಿ ಅದನ್ನು ಕೊರೆಯಲು ಅರ ಎತ್ತಿದವನು ಕೆಳಗಿಟ್ಟ. ಇನ್ನೊಬ್ಬರ ಬಾಯಿಯ ವಿಷಯದಲ್ಲಿ ಕೇಳದೆ ಸಲುಗೆ ತೋರಿಸುವ ಅಧಿಕಾರ ತನಗೆ ಉಳಿದಿಲ್ಲ ಅನ್ನಿಸಿತು.

ಟೈಲರ್ ಮತ್ತೆ ಬಂದು ಸೆಟ್ಟು ಹಾಕಿಕೊಂಡ. ಕನ್ನಡಿ ನೋಡಿದ. ನಾಲಿಗೆಯಿಂದ ಸವರಿದ. ಕೊನೆಗೆ ದಂತಯ್ಯನ ಕಡೆ ನೋಡದೆಯೇ, "ಇದರಲ್ಲಿ ದಾರ ನಿಲ್ಲಲ್ಲ," ಅಂದ.

"ಕಟ್ಟಿಸ್ಕೊಂಡ ಹಲ್ಲಲ್ಲಿ ದಾರ ಗೀರ ಕಚ್ಚಬಾರ್ದು," ಎಂದರು ಡಾಕ್ಟರಮ್ಮ.

"ಕಚ್ಚಲ್ಲ ಡಾಕ್ಟ್ರೇ. ಸುಮ್ನೆ ಇರ್ಲಿ."

ದಂತಯ್ಯ ಒಳಗೆ ಹೋಗಿ ಆ ಕಚ್ಚು ಕೊರೆದು ತಂದ. ಜಾಗ ತಪ್ಪಲಿಲ್ಲ. ಟೈಲರ್ ನಾಲಿಗೆ ಆಡಿಸಿ ನೋಡಿ ತಲೆಯಾಡಿಸಿದ. ಎದ್ದು ಹೊರಟುಹೋದ.

ಮರುದಿನ ಬೆಳಗ್ಗೆ ದಂತಯ್ಯ ಟೀ ಅಂಗಡಿಯ ಮುಂದೆ ಹೋಗುವಾಗ ಬೆಂಚಿನವನೊಬ್ಬ ಕೂಗಿದ: "ಏನು ದಂತಯ್ಯನೋರೇ, ಇವತ್ತು ಟ್ಯಾಂಕರ್ ರಜಾನಾ?" ಎಲ್ಲರೂ ನಕ್ಕರು. ಅಷ್ಟು ಹೊತ್ತಿಗೆ ಪಕ್ಕದ ಅಂಗಡಿಯ ಬಾಗಿಲಲ್ಲಿ ಟೈಲರ್ ಕಾಣಿಸಿಕೊಂಡ. ಹೆಂಡತಿಯ ತೋಳು ಹಿಡಿದಿದ್ದ. ಅಂಗಿ ಮೈಮೇಲೆ ಸಡಿಲವಾಗಿತ್ತು.

"ನಗಬೇಡಿ," ಅಂದ. ಮಾತು ಈಗ ಸ್ಪಷ್ಟವಾಗಿತ್ತು. "ಅವನು ಹೇಳಿದ್ದು ನಿಜ. ಟ್ಯಾಂಕರ್ ಹಿಡ್ಕೊಂಡೇ ಹೋಗ್ತಿದ್ದ. ಆವತ್ತು ನನ್ನ ನೋಡಿ, ತಲೆ ಬಗ್ಗಿಸ್ಕೊಂಡು ಹೋದ."

ಒಲೆಯ ಮೇಲೆ ಹಾಲು ಉಕ್ಕಿತು. ಬೆಂಚಿನವರು ಒಬ್ಬೊಬ್ಬರಾಗಿ ದಂತಯ್ಯನ ಕಡೆ ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದರು. ಒಬ್ಬ ಎದ್ದು ಲೋಟ ಇಟ್ಟು ಹೋದ. ಟೀ ಅಂಗಡಿಯವನು ಬಟ್ಟೆಯಿಂದ ಒಲೆಯ ಸುತ್ತ ಒರೆಸತೊಡಗಿದ. ಅಷ್ಟು ದಿನ ಒಬ್ಬನೇ ಹೊತ್ತುಕೊಂಡು ತಿರುಗಿದ್ದನ್ನು ಎಲ್ಲರೂ ಒಟ್ಟಿಗೇ ಕಂಡರು. ದಂತಯ್ಯನ ಮುಖ ಸುಟ್ಟುಹೋಗುವಂತಾಯಿತು. ಓಡಿಹೋಗಬೇಕೆನ್ನಿಸಿತು. ಸೈಕಲ್ಲಿನ ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೇ ಇದ್ದ.

ಟೈಲರ್ ಮೆಲ್ಲಗೆ ಬಂದು, ಎದ್ದುಹೋದವನ ಜಾಗದಲ್ಲಿ ಕೂತ. ಉಸಿರು ಸರಿಮಾಡಿಕೊಂಡ. ಅವನ ಹೆಂಡತಿ ದಂತಯ್ಯನ ಕಡೆ ನೋಡಲಿಲ್ಲ, ಗಂಡನ ಹಿಂದೆ ನಿಂತಳು.

"ಕೆಲಸಕ್ಕೆ ಹೊತ್ತಾಗಲ್ವೇನೋ?" ಅಂದ ಟೈಲರ್.

"ಆಗುತ್ತೆ."

"ಹೋಗು ಮತ್ತೆ. ಮೋಟಾರ್ ಹಾಕ್ಕೋ. ತುಳೀಬೇಡ."

ದಂತಯ್ಯ ಹತ್ತಿ ಕೂತ. ಮೋಟಾರು ಗುಯ್ಯೆಂದಿತು. ಅವರೆಲ್ಲರ ಕಣ್ಣು ಬೆನ್ನಿಗೆ ನಾಟಿದ್ದಂತೆಯೇ, ಪೆಡಲಿನ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡು, ಅವನು ನಿಧಾನವಾಗಿ ದಿಣ್ಣೆ ಏರಿದ.